ಹವ್ಯಾಸಿಗಳ ನಡುವೆ ಸುಂದರಾ

ಸುಂದರಾ ಬಣ್ಣ ಹಚ್ಚಿಕೊಳ್ಳಲು ಕೂತಳೆಂದರೆ ಯಾರೂ ಮಾತಾಡಿಸುವಂತಿರಲಿಲ್ಲ. ಉಗಾರ ಬುದ್ರುಕದ ಹುಡುಗರು ಮೊದಮೊದಲು ಇದನ್ನು ಸೊಕ್ಕು ಎಂದುಕೊಂಡರು. ನಾಟಕದ ತಾಲೀಮಿಗೆ ಬಂದ ಕೂಡಲೇ ಆಕೆ ಕೇಳುತ್ತಿದ್ದುದು ಒಂದೇ: "ಮಾತು ಪಾಠ ಆಗ್ಯಾವೇನ್ರಿ?" ಆಗಿಲ್ಲವೆಂದರೆ ಎದುರಿಗಿದ್ದವನು ಊರ ಸಾಹುಕಾರನ ಮಗನೇ ಆಗಿರಲಿ, "ಹಂಗಾರ ನನ್ನ ಯಾಕ ಕರಸೀರಿ? ನಿಮ್ಮ ಕಬ್ಬು ನೋಡಾಕೇನು?" ಎಂದು ಮುಖಕ್ಕೇ ಹೊಡೆದಂತೆ ಹೇಳುತ್ತಿದ್ದಳು.

ಆಕೆ ಅಕ್ಕೋಳದವಳು. ಚಿಕ್ಕವಳಿದ್ದಾಗಲೇ ಒಂದು ನಾಟಕ ಕಂಪನಿ ಸೇರಿ, ಆ ಕಂಪನಿ ಮುಳುಗಿದ ಮೇಲೆ ರಾಯಬಾಗದಲ್ಲಿ ಒಂದು ಕೋಣೆ ಹಿಡಿದಿದ್ದಳು. ಎಂಬತ್ತರ ದಶಕದ ಆ ದಿನಗಳಲ್ಲಿ ಅಥಣಿ, ಕಾಗವಾಡದ ಕಡೆಯ ಪ್ರತಿ ಊರಿನ ತರುಣ ಮಂಡಳವೂ ವರ್ಷಕ್ಕೊಂದು ಸಾಮಾಜಿಕ ನಾಟಕ ಆಡುತ್ತಿತ್ತು. ಗಂಡುಪಾತ್ರಕ್ಕೆ ಜಗಳವಾಗುವಷ್ಟು ಜನ. ಹೆಣ್ಣುಪಾತ್ರಕ್ಕೆ ಮಾತ್ರ ಯಾವ ಮನೆಯ ಮಗಳೂ ಸೊಸೆಯೂ ನಾಟಕದ ಅಟ್ಟ ಹತ್ತುತ್ತಿರಲಿಲ್ಲ. ಆಗ ಸುಂದರಾಳಿಗೆ ಕರೆ ಬರುತ್ತಿತ್ತು. ಇತ್ತ ಕನ್ನಡ ನಾಟಕ, ಗಡಿಯಲ್ಲಿನ ಕೊಗನೊಳ್ಳಿಯ ಕಡೆ ಹೋದರೆ ಮರಾಠಿ ನಾಟಕ. ಎರಡೂ ಆಕೆಗೆ ಸಲೀಸು. ಅಟ್ಟದ ಮೇಲೆ ಆಕೆ ತಾಯಿ, ಸತಿ, ಸಾಧ್ವಿ. ಇಳಿದ ಮೇಲೆ ಹೊರಗಿನ ಕಟ್ಟೆಯ ಮೇಲೆ ಬೇರೆ ತಾಟಿನಲ್ಲಿ ಊಟ.

ಉಗಾರ ಬುದ್ರುಕದ ಬಾಹುಬಲಿ ಎಂಬಾತ ಜೈನರ ಮನೆತನದವನು, ನದಿ ನೀರಿನ ಕಬ್ಬಿನ ಜಮೀನು ಉಳ್ಳವನು. ಅವನ ನಾಟಕದ ಹುಚ್ಚು ಸುಳ್ಳಾಗಿರಲಿಲ್ಲ. ತಾನೇ ಬರೆಯುತ್ತಿದ್ದ, ತಾನೇ ಕಲಿಸುತ್ತಿದ್ದ, ಕೈಯಿಂದ ಖರ್ಚು ಮಾಡುತ್ತಿದ್ದ. ಅವನ ಒಂದು ನಾಟಕ ಸುತ್ತಲಿನ ಊರುಗಳಲ್ಲೆಲ್ಲ ಹೆಸರು ಮಾಡಿತ್ತು. ಗಂಡ ಎರಡನೆಯವಳನ್ನು ಮನೆಗೆ ತಂದಾಗ, ಹಿರಿಯ ಹೆಂಡತಿ ಗಂಗವ್ವ ಮನೆಯ ಕೀಲಿಕೈ ಗೊಂಚಲನ್ನು ಸವತಿಯ ಕೈಗೆ ಕೊಡುವ ದೃಶ್ಯವೇ ಅದರ ಜೀವ. ಆರು ವರ್ಷ ಗಂಗವ್ವನಾಗಿದ್ದವಳು ಸುಂದರಾ. ಕೀಲಿ ಕೊಡುವ ಮೊದಲು ಆಕೆ ಒಂದು ಸಣ್ಣ ನಗು ನಗುತ್ತಿದ್ದಳು, ಆಮೇಲೆ ಮಾತು, ಆಮೇಲೆ ಅಳು. ಆ ನಗುವಿಗೇ ಹೆಂಗಸರು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು.

ಎಂಬತ್ತೆಂಟರಲ್ಲಿ ಚಿಕ್ಕೋಡಿಯಲ್ಲಿ ಒಂದು ನಾಟಕ ಸ್ಪರ್ಧೆ ಇಟ್ಟರು. ಬಾಹುಬಲಿ ರಾಯಬಾಗಕ್ಕೆ ಮೋಟಾರ್ ಸೈಕಲ್ ಮೇಲೆ ಬಂದ.

"ಸುಂದರಾಬಾಯಿ, ಚಿಕ್ಕೋಡ್ಯಾಗ ನಮ್ಮ ನಾಟಕ ಹಚ್ಚಾಕತ್ತೀವಿ."

"ಚಲೋ ಆತಲ್ರಿ. ತಾಲೀಮು ಯಾವಾಗಿಂದ?"

ಬಾಹುಬಲಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಲ್ಲೊಂದ ನಿಯಮ ಐತಿ. ಬರೇ ಹವ್ಯಾಸಿ ಮಂದಿ ಆಡಬೇಕಂತ. ನಾಟಕದ ಮ್ಯಾಲ ಹೊಟ್ಟಿ ಹೊರಕೊಳ್ಳೋರು ಬರೂಹಂಗಿಲ್ಲ."

"ಅಂದ್ರ ನಾ ಬರೂಹಂಗಿಲ್ಲ."

"ನಿನಗ ಇದು ಉದ್ಯೋಗ ಅಲ್ಲೇನ? ನಮಗಾದ್ರ ಬರೇ ಪ್ರೀತಿ."

"ಕಬ್ಬು ನಿಮಗ ಉದ್ಯೋಗ," ಎಂದಳು ಸುಂದರಾ. "ಅದರ ಮ್ಯಾಲ ನಿಮಗ ಪ್ರೀತಿ ಇಲ್ಲೇನ್ರಿ?"

ಬಾಹುಬಲಿ ಬಂದದ್ದು ಇನ್ನೊಂದು ಕೆಲಸಕ್ಕೆ. ಅವನ ತಮ್ಮ ಪಾರಿಸ ಸಾಲಿ ಮಾಸ್ತರ. ಪಾರಿಸನ ಹೆಂಡತಿ ಮಂಗಲ ಈ ಸಲ ಗಂಗವ್ವ ಆಗುವವಳಿದ್ದಳು. ಊರ ಅಟ್ಟಕ್ಕೆ ಕಳಿಸದ ಸೊಸೆಯನ್ನು ಸ್ಪರ್ಧೆಗೆ ಕಳಿಸಬಹುದಿತ್ತು. ಅಲ್ಲಿ ಪ್ರಮಾಣಪತ್ರ ಕೊಡುತ್ತಿದ್ದರು, ಸಾಹೇಬರುಗಳು ಬರುತ್ತಿದ್ದರು.

"ಸಾಲಿ ಗ್ಯಾದರಿಂಗಿನ್ಯಾಗ ನಾಟಕ ಮಾಡ್ಯಾಳಂತ ನಮ್ಮ ಮಂಗಲ. ನೀ ಒಂದೀಟು ಹೇಳಿಕೊಡಬೇಕು. ನಿನ್ನ ಬಿಟ್ರ ಯಾರಿದ್ದಾರ?"

ಸುಂದರಾ ಬಾಗಿಲು ಹಾಕಿಕೊಳ್ಳಬಹುದಿತ್ತು. ಹಾಕಿಕೊಳ್ಳಲಿಲ್ಲ. ಮುಂದಿನ ವರ್ಷದ ಕರೆಗಳು ಈ ಮನುಷ್ಯನ ಮಾತಿನ ಮೇಲೆ ನಿಂತಿದ್ದವು. ತನ್ನ ಪಾತ್ರವನ್ನು ಮಾಡುವವಳು ಯಾರೆಂದು ನೋಡುವ ಕೆಟ್ಟ ಆಸೆಯೂ ಇತ್ತು.

ಆರು ವರ್ಷದಲ್ಲಿ ಮೊದಲ ಸಲ ಆಕೆ ಬಾಹುಬಲಿಯ ಮನೆಯ ಒಳಗೆ ಕೂತಳು. ಮಂಗಲ ತಾನೇ ಚಹಾ ತಂದುಕೊಟ್ಟಳು, "ಅಕ್ಕಾ" ಎಂದಳು. ಸಿಟ್ಟಾಗಲು ಎಡೆಯೇ ಕೊಡದಷ್ಟು ಮೆತ್ತಗಿನ ಹುಡುಗಿ. ನಡೆಯುವುದು, ನಿಲ್ಲುವುದು, ಕೊನೆಯ ಸಾಲಿನವರಿಗೂ ಮುಟ್ಟುವಂತೆ ಪಿಸುಗುಡುವುದು, ಎಲ್ಲವನ್ನೂ ಸುಂದರಾ ಕಲಿಸಿದಳು. ಆ ನಗುವೊಂದನ್ನು ಬಿಟ್ಟು. ಮಾತು ಹೇಳಿ ಅತ್ತುಬಿಡು ಎಂದಷ್ಟೇ ಹೇಳಿದಳು. ಅದೊಂದು ತನ್ನ ಹತ್ತಿರವೇ ಇರಲಿ ಎನ್ನಿಸಿತ್ತು.

ಸ್ಪರ್ಧೆಯ ದಿನ ಸುಂದರಾ ತನ್ನ ಖರ್ಚಿನಲ್ಲಿ ಬಸ್ಸು ಹತ್ತಿ ಚಿಕ್ಕೋಡಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ನಾಟಕ ಸಾಧಾರಣವಾಗಿಯೇ ನಡೆದಿತ್ತು. ಕೀಲಿಕೈ ದೃಶ್ಯ ಬಂತು. ಗಂಡ ಸವತಿಯ ಕೈ ಹಿಡಿದು ಒಳಗೆ ಬಂದ. ಈಗ ಗಂಗವ್ವ ಮಾತಾಡಬೇಕು.

ಮಂಗಲ ಮಾತಾಡಲಿಲ್ಲ. ಇಬ್ಬರನ್ನೂ ನೋಡಿದಳು. ನೆಲದ ಮೇಲೆ ಕೂತಳು. ದೃಶ್ಯದ ಸಲುವಾಗಿ ಇಟ್ಟಿದ್ದ ಮೊರವನ್ನು ಹತ್ತಿರ ಎಳೆದುಕೊಂಡು ಅಕ್ಕಿಯಲ್ಲಿನ ಹರಳು ಆರಿಸತೊಡಗಿದಳು. ಒಂದು ಹರಳು ತೆಗೆದು ಪಕ್ಕಕ್ಕಿಟ್ಟಳು. ಇನ್ನೊಂದು. ಸಭೆಯಲ್ಲಿ ಕೆಮ್ಮು ಕೂಡ ನಿಂತಿತು. ಬಹಳ ಹೊತ್ತಿನ ಮೇಲೆ, ತಲೆ ಎತ್ತದೆ, ಸೊಂಟದ ಕೀಲಿ ಬಿಚ್ಚಿ ಹಾಗೇ ಕೈ ಚಾಚಿದಳು.

ಕಣ್ಣೀರು ಬಂದದ್ದಕ್ಕೆ ಸುಂದರಾಳಿಗೆ ತನ್ನ ಮೇಲೆಯೇ ರೋಷ ಬಂತು. ನಗುವನ್ನು ಬಚ್ಚಿಟ್ಟುಕೊಂಡು ಏನು ಉಳಿಸಿಕೊಂಡಂತಾಯಿತು? ಈ ಮೊರದ ಮುಂದೆ ಆ ನಗು ಬರೀ ಕಸುಬುದಾರಿಕೆ.

ನಾಟಕಕ್ಕೂ ಮಂಗಲಳಿಗೂ ಬಹುಮಾನ ಬಂತು. ಬಾಹುಬಲಿ ಹಾರ ಹಾಕಿಸಿಕೊಂಡು ಮೈಕಿನ ಮುಂದೆ ನಿಂತು, "ನಮ್ಮಲ್ಲಿ ರೊಕ್ಕಕ್ಕ ಬಣ್ಣ ಹಚ್ಚಿದವರು ಒಬ್ಬರೂ ಇಲ್ಲ" ಎಂದ. ಚಪ್ಪಾಳೆ ಬಿತ್ತು. ಕಲಿಸಿದವಳ ಹೆಸರು ಬರಲಿಲ್ಲ.

ಹೊರಗೆ ಮಂಗಲ ಓಡಿಬಂದು ಕೈ ಹಿಡಿದಳು. ಸುಂದರಾ ಕೇಳಿಯೇಬಿಟ್ಟಳು, "ಆ ಹರಳು ಆರಿಸೂದು ಎಲ್ಲಿಂದ ಬಂತು?"

"ಅಯ್ಯ, ಮಾತು ಮರತ ಹ್ವಾದ್ವು ಅಕ್ಕಾ! ಏನ ಮಾಡೂದು ತಿಳೀಲಿಲ್ಲ. ಮೊರ ಕಾಣಿಸ್ತು, ಕೂತೆ."

ಬಹುಮಾನದ ಸುದ್ದಿ ಹಬ್ಬಿ ಮರುವರ್ಷ ಅಥಣಿ, ಕಾಗವಾಡದ ಕಡೆಯಿಂದ ಅದೇ ನಾಟಕಕ್ಕೆ ಕರೆಗಳು ಬಂದವು. ಮಂಗಲ ಒಪ್ಪಲಿಲ್ಲ. ಪಾರಿಸ ಬೇಡವೆಂದನೆಂದು ಊರವರು ಆಡಿಕೊಂಡರು. ಸುಂದರಾ ಕೇಳಿದಾಗ ಆಕೆ ಹೇಳಿದ್ದೇ ಬೇರೆ: "ಅವರು ಏನೂ ಅಂದಿಲ್ಲಕ್ಕಾ. ನನಗಽ ಸಾಕಾತು. ಆಸಿ ಇತ್ತು, ಒಂದ ಸಲ ಮಾಡಿದ್ನಲ್ಲ, ಹೌಸ್ ತೀರಿತು."

ಪಾತ್ರ ತಪ್ಪಿದ್ದಕ್ಕಿಂತ ಈ ಮಾತು ಸುಂದರಾಳಿಗೆ ಹೆಚ್ಚು ನಾಟಿತು. ತಾನು ಇಡೀ ಆಯುಷ್ಯ ಹುಡುಕುತ್ತಿದ್ದುದು ಈ ಹುಡುಗಿಯ ಮಡಿಲಿಗೆ ತಾನಾಗಿ ಬಿದ್ದಿತ್ತು. ಈಕೆ ಸೆರಗು ಕೊಡವಿ ಎದ್ದುಬಿಟ್ಟಿದ್ದಳು.

ಬಾಹುಬಲಿ ಗಂಗವ್ವನ ಪಾತ್ರಕ್ಕೆ ಕರೆಯಲು ಮತ್ತೆ ರಾಯಬಾಗಕ್ಕೆ ಬಂದ. ಸುಂದರಾ ಹೋದಳು. ಅಥಣಿಯಲ್ಲಿ ಆಟ. ತಾಲೀಮಿನಲ್ಲೆಲ್ಲ ಆಕೆ ತನ್ನ ಹಳೆಯ ನಗುವನ್ನೇ ನಕ್ಕಿದ್ದಳು. ಅಟ್ಟದ ಮೇಲೆ ಆ ಗಳಿಗೆ ಬಂದಾಗ ನಗು ಬರಲಿಲ್ಲ. ಯಾವುದು ಹೆಚ್ಚಿನದೆಂದು ಗೊತ್ತಿದ್ದ ಮೇಲೆ ಕಡಿಮೆಯದನ್ನು ಮಾಡುವುದು ಆಕೆಯಿಂದ ಆಗಲಿಲ್ಲ. ಕೂತಳು, ಮೊರ ಎಳೆದುಕೊಂಡಳು, ಹರಳು ಆರಿಸಿದಳು. ಎಷ್ಟು ಹೊತ್ತು ಸುಮ್ಮನಿರಬೇಕೆಂಬುದು ಮಂಗಲಳಿಗಿಂತ ಆಕೆಗೆ ಚೆನ್ನಾಗಿ ಗೊತ್ತಿತ್ತು. ಜನ ಅತ್ತರು, ಚಪ್ಪಾಳೆ ತಟ್ಟಿದರು.

ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಪರದೆಯ ಆಚೆ ಚಿಕ್ಕೋಡಿಯ ಆಟ ನೋಡಿದ್ದವನೊಬ್ಬ ಹೇಳುತ್ತಿದ್ದ: "ಮಂಗಲಾಬಾಯೀದು ನಕಲ್ ಹೊಡದಾಳ ನೋಡ ಇಕಿ. ಆಕೀದು ಖರೆ ಇತ್ತು. ಇದು ಬರೇ ನಾಟಕ."

ಬಾಹುಬಲಿಯೂ ಕೇಳಿಸಿಕೊಂಡಿದ್ದ. ಸಮಾಧಾನ ಮಾಡಲೆಂದು ಬಂದು, "ಚಲೋ ಮಾಡಿದಿ ಬಿಡು. ಆದ್ರ ಆಕೀದರಾಗ ಏನೋ ಒಂದಿತ್ತು" ಎಂದ.

"ಇತ್ರಿ," ಎಂದಳು ಸುಂದರಾ. "ಆಕಿ ಒಂದ ಸಲ ಮಾಡಿದ್ಲು. ನಾಳೆ ಕಾಗವಾಡದಾಗ ಹಂಗಽ ಮಾಡು ಅನ್ರಿ. ಜ್ವರ ಬಂದ ದಿನ ಮಾಡು ಅನ್ರಿ. ಎದುರಿಗಿದ್ದಾಂವ ಕುಡದ ಬಂದು ಮಾತು ಮರತ ನಿಂತಾಗ ಮಾಡು ಅನ್ರಿ. ಆಮ್ಯಾಲ ಹೇಳ್ರಿ ನನಗ."

"ಸಿಟ್ಟಾಗಬ್ಯಾಡ ಮಾರಾಯ್ತಿ, ಊಟಕ್ಕ ಬಾ," ಎಂದ ಅವನು. ತಾಟು ಕಟ್ಟೆಯ ಮೇಲಿತ್ತು. ಆಕೆ ಉಂಡಳು. ಮರುದಿನ ಕಾಗವಾಡದಲ್ಲಿ ಆಟವಿತ್ತು, ಮೈಯಲ್ಲಿ ಕಸುವು ಬೇಕಿತ್ತು.

ಇನ್ನೂ ಕೆಲವು ವರ್ಷ ನಡೆಯಿತು. ಆಮೇಲೆ ಮಂಡಳಗಳು ಬಾಡಿಗೆಗೆ ವಿಡಿಯೊ ತರತೊಡಗಿದವು, ಬೆಳಗಾವಿಯಿಂದ ಆರ್ಕೆಸ್ಟ್ರಾ ಕರೆಸತೊಡಗಿದವು. ಸುಂದರಾಳಿಗೆ ಅತ್ತೆಯ ಪಾತ್ರ ಬಂತು, ಮುಂದೆ ಅದೂ ನಿಂತಿತು. ಬಾಹುಬಲಿ ನಾಟಕ ಬಿಟ್ಟು ಸೊಸೈಟಿ ಚುನಾವಣೆಗೆ ನಿಂತ. ಅವನ ಹೌಸೂ ತೀರಿತ್ತು. ತೊಂಬತ್ತಾರರ ಹೊತ್ತಿಗೆ ಸುಂದರಾ ನಿಪ್ಪಾಣಿಯ ಒಂದು ತಂಬಾಕು ವಖಾರಿಯಲ್ಲಿ, ಗೋದಾಮಿನ ದೂಳಿನಲ್ಲಿ, ಎಲೆ ಹಸನು ಮಾಡುವ ಹೆಂಗಸರ ನಡುವೆ ಮೂಗಿಗೆ ಸೆರಗು ಕಟ್ಟಿಕೊಂಡು ಕೂತಿರುತ್ತಿದ್ದಳು.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಸಕ್ಕುಬಾಯಿ ಎಂಬವಳು, "ನೀ ನಾಟಕದಾಕಿ ಅಂತಲ್ಲ ಬೇ, ಒಂದ ಮಾತು ಹೇಳ, ಕೇಳೂಣು" ಎಂದಳು. ಉಳಿದವರೂ ಒತ್ತಾಯ ಮಾಡಿದರು.

"ಪುಕ್ಕಟ ಮಾಡೂದಿಲ್ಲ ಬೇ ನಾ," ಎಂದಳು ಸುಂದರಾ.

ಚೇಷ್ಟೆ ಮಾಡುತ್ತಿದ್ದಾಳೆಂದು ಹೆಂಗಸರು ನಕ್ಕರು. ಆಕೆ ರೊಟ್ಟಿ ಮುರಿದುಕೊಂಡು ಖಾರಬ್ಯಾಳಿ ಹಚ್ಚಿಕೊಂಡು ತಿನ್ನುತ್ತಲೇ ಇದ್ದಳು. ಸ್ವಲ್ಪ ಹೊತ್ತು ಕಾದು ಅವರು ಬೇರೆ ಮಾತಿಗೆ ತಿರುಗಿಕೊಂಡರು.