ಹವಳಕ್ಕೆ ಮದುವೆಮನೆಯ ದೀಪ

ಭದ್ರಾವತಿಯ ನಮ್ಮ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆ. ಅದರಲ್ಲಿದ್ದ ಒಂದೇ ಒಂದು ಜೀವಂತ ಹವಳ ಬೆಳಕು ಸಾಲದೆ ಮುದುಡುತ್ತಿತ್ತು. ಅದಕ್ಕೆಂದೇ ಮಾಡಿದ ದೀಪದ ಬೆಲೆ ಕೇಳಿ ನಾನೂ ಮುದುಡಿದೆ. ಕೊನೆಗೆ ಶಿವಮೊಗ್ಗದಲ್ಲಿ ಮದುವೆಗಳಿಗೆ ಲೈಟಿಂಗ್ ಮಾಡುವ ಚಾಚಾರ ಹತ್ತಿರ ಹೋಗಿ, ಹಳೆಯ ನೀಲಿ ಎಲ್‌ಇಡಿಗಳಲ್ಲಿ ಕಣ್ಣು ಕುಕ್ಕುವಂಥದ್ದನ್ನೇ ಆರಿಸಿದೆ. ಅಗ್ಗಕ್ಕೆ ಸೂರ್ಯನೇ ಸಿಕ್ಕನೆಂದು ಬೀಗುತ್ತ ನೀರಿಗೆ ತಾಗುವಷ್ಟು ಹತ್ತಿರ ಕಟ್ಟಿದೆ. ಎರಡೇ ದಿನದಲ್ಲಿ ಹವಳ ಬಿಳಿಚಿಕೊಂಡಿತು.

ಫೋನ್ ಮಾಡಿ, ಚಾಚಾರ ಗೊಗ್ಗರು ದನಿಯನ್ನೇ ಅಣಕಿಸುತ್ತ ಅವರಿಗೇ ದೂರು ಹೇಳಿದೆ. ಅವರು ನಗಲಿಲ್ಲ, ಬಸ್ಸು ಹತ್ತಿ ಬಂದೇಬಿಟ್ಟರು.

“ಏನ್ ಮಾರಾಯ, ಮದುಮಗಳ ಮೂಗಿನ ಮೇಲೆ ಯಾರಾದ್ರೂ ಫೋಕಸ್ ಇಡ್ತಾರಾ?” ಎಂದು ದೀಪವನ್ನು ಒಂದು ಮೊಳ ಮೇಲಕ್ಕೆತ್ತಿ ಕಟ್ಟಿದರು. “ಮೊದಲು ದಿನಕ್ಕೆ ಎರಡೇ ಗಂಟೆ ಹೊತ್ತು ಹಚ್ಚು, ಆಮೇಲೆ ನಿಧಾನಕ್ಕೆ ಜಾಸ್ತಿ ಮಾಡು.” ಆಮೇಲೆ ದೀಪದ ಕಡೆ ತಿರುಗಿಯೂ ನೋಡದೆ, ಕುರ್ಚಿ ಎಳೆದುಕೊಂಡು ಹವಳವನ್ನೇ ನೋಡುತ್ತ ಕೂತರು.

“ಏನ್ ನೋಡ್ತಿದ್ದೀರಾ ಚಾಚಾ?”

“ಸ್ಟೇಜ್ ಮೇಲೆ ಕೂತೋರು ಕಣ್ಣು ಕಿರಿದು ಮಾಡ್ತಾರಾ ಅಂತ ನೋಡ್ತೀವಲ್ಲ, ಹಾಗೆ.”

ಅಂಗಡಿಯಲ್ಲಿ ದೀಪ ಆಯ್ದುಕೊಳ್ಳುವಾಗ ನಾನು ದೀಪವನ್ನಷ್ಟೇ ನೋಡಿದ್ದೆ. ಕೆಲವು ವಾರಗಳ ಮೇಲೆ ಹವಳದ ಒಂದು ಬದಿ ಮತ್ತೆ ಬಣ್ಣ ತುಂಬಿಕೊಂಡು ಬೆರಳು ಚಾಚಿತು. ಇನ್ನೊಂದು ಬದಿ ಚೇತರಿಸಿಕೊಳ್ಳಲೇ ಇಲ್ಲ.