ರುಚಿ ಪುಸ್ತಕದಲ್ಲಿ ಸಾಹೇಬರ ಸಹಿ

ಹುಂಚದ ಬಸ್ಸಿನಲ್ಲಿ ಬಂದು ಹಲಸಿನಕೊಡಿಗೆ ಕ್ರಾಸಿನಲ್ಲಿ ಇಳಿದವರಿಗೆ ಸರ್ಕಾರಿ ಶಾಲೆಯ ದಾರಿಯನ್ನು ಯಾರೂ ತೋರಿಸಬೇಕಾಗಿಲ್ಲ. ಹನ್ನೆರಡು ಗಂಟೆಯ ಮೇಲಾದರೆ ಮೂಗು ಹೋದ ಕಡೆ ಕಾಲು ಹಾಕಿದರೆ ಸಾಕು. ಅಲ್ಲಿ ಬಿಸಿಯೂಟ ಬೇಯಿಸುವ ದುರ್ಗಮ್ಮ ಸಾರಿಗೆ ಒಗ್ಗರಣೆ ಕೊಟ್ಟಳೆಂದರೆ ಕೋಣಂದೂರಿನ ಹೋಟೆಲುಗಳಲ್ಲಿ ಊಟಕ್ಕೆ ಕೂತವರು ಎದುರಿನ ತಟ್ಟೆಯನ್ನು ದೂಡಿ ಎದ್ದುಬಿಡುತ್ತಾರಂತೆ. ಈ ಮಾತಿನಲ್ಲಿ ಉತ್ಪ್ರೇಕ್ಷೆ ಇದ್ದರೂ ಒಂದು ಚಮಚದಷ್ಟು, ಅದೂ ಚಹಾದ ಚಮಚ.

ಆ ಒಲೆಯ ಮುಂದೆ ಹದಿನಾಲ್ಕು ವರ್ಷ ಇಬ್ಬರು ಹೆಂಗಸರಿದ್ದರು. ದುರ್ಗಮ್ಮ ಸೌಟು ಹಿಡಿದರೆ ವಿಶಾಲಮ್ಮ ಕತ್ತಿಮಣೆಯ ಮೇಲೆ ಕೂರುತ್ತಿದ್ದಳು. ದುರ್ಗಮ್ಮ ಜೀವಮಾನದಲ್ಲಿ ಶಾಲೆಯ ಮೆಟ್ಟಿಲು ಹತ್ತಿದ್ದೇ ಅಡುಗೆ ಮಾಡಲು. ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಲು ಅವಳಿಗೆ ನಾಚಿಕೆಯಾದಾಗ, ಏಳನೇ ಕ್ಲಾಸು ಓದಿದ್ದ ವಿಶಾಲಮ್ಮ ಕಲ್ಲಿನ ಮೇಲೆ ಅಕ್ಕಿಹಿಟ್ಟು ಹರಡಿ, ಅದರ ಮೇಲೆ ಬೆರಳು ಹಿಡಿದು ತಿದ್ದಿಸಿ ಸಹಿ ಕಲಿಸಿದ್ದಳು. ಅಂದಿನಿಂದ ದುರ್ಗಮ್ಮ ಸಹಿ ಹಾಕುವುದೆಂದರೆ ಗದ್ದೆ ಉಳುವ ಹಾಗೆ. ಒಂದು ಪುಟ ಸಾಲದೆ ಪಕ್ಕದ ಪುಟಕ್ಕೂ ಒತ್ತುವರಿ ಆಗುತ್ತಿತ್ತು. ಸಹಿ ಬಂತೇ ಹೊರತು ಓದಲು ಬರಲಿಲ್ಲ. ಅನಾಹುತವಾದದ್ದು ಅಲ್ಲೇ.

ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಶನಿವಾರ, ಮಕ್ಕಳೂ ಮೇಷ್ಟರೂ ಮನೆಗೆ ಹೋದ ಮೇಲೆ ತಾಲ್ಲೂಕು ಶಿಕ್ಷಣ ಕಚೇರಿಯ ರವೀಶ್ ಸಾಹೇಬರು ಜೀಪಿನಲ್ಲಿ ಬಂದರು. ಶಾಲೆಗಳಿಗೆ ಇಂಟರ್ನೆಟ್ ಕೊಡಿಸುವ ಯೋಜನೆ ಅವರ ಉಸ್ತುವಾರಿಯಲ್ಲಿತ್ತು. ಮಾರ್ಚ್ ಮುಗಿಯುವುದರೊಳಗೆ ಅನುದಾನವೂ ಮುಗಿಯಬೇಕು, ಕೆಲಸವೂ ಮುಗಿದಿರಬೇಕು. ಆದರೆ ಕೇಬಲ್ಲು ಪಂಚಾಯಿತಿ ಕಟ್ಟಡದ ತನಕ ಬಂದು ಸುಸ್ತಾಗಿ ಕೂತುಬಿಟ್ಟಿತ್ತು. ಅಲ್ಲಿಂದ ಶಾಲೆಗೆ ಎರಡು ಮೈಲಿ. ಸಾಹೇಬರು ಆ ಎರಡು ಮೈಲಿಯನ್ನು ಜೀಪಿನಲ್ಲೇ ದಾಟಿ, ಶಾಲೆಯ ಗೋಡೆಗೆ ಒಂದು ಬಿಳಿ ಡಬ್ಬಿ ಹೊಡೆಸಿ ಕರೆಂಟು ಕೊಡಿಸಿದರು. ಡಬ್ಬಿಯಲ್ಲಿ ಹಸಿರು ದೀಪ ಹತ್ತಿತು. ಆ ದೀಪದ ಬೆಳಕಿಗೆ ಮಂಡಗದ್ದೆ ಪಕ್ಷಿಧಾಮದ ಹಕ್ಕಿಗಳು ಬೆಳಗಾಯಿತೆಂದು ಎದ್ದು ಹಾರಿದವು ಎನ್ನುವವರಿದ್ದಾರೆ. ಇಂಟರ್ನೆಟ್ಟು ಮಾತ್ರ ಹಾರಿ ಬರಲಿಲ್ಲ.

"ದುರ್ಗಮ್ಮ, ಡಬ್ಬಿ ಬಂತು ಅಂತ ಇಲ್ಲೊಂದು ಸಹಿ ಹಾಕಮ್ಮ" ಎಂದರು ಸಾಹೇಬರು. ಪಾತ್ರೆ ತಿಕ್ಕುತ್ತಿದ್ದ ದುರ್ಗಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೆಮ್ಮೆಯಿಂದ ಉತ್ತುಬಿಟ್ಟಳು. ಕಾಗದದಲ್ಲಿ ಡಬ್ಬಿಯ ಮಾತೇ ಇರಲಿಲ್ಲ. 'ಇಂಟರ್ನೆಟ್ ಸಂಪರ್ಕ ಪೂರ್ಣಗೊಂಡಿದೆ, ಶಾಲೆಯ ಪರವಾಗಿ ಪರಿಶೀಲಿಸಿ ದೃಢೀಕರಿಸಿದೆ' ಎಂದಿತ್ತು. ಹೆಡ್‌ಮೇಷ್ಟ್ರು ಗುತ್ಯಪ್ಪನವರು ಆಮೇಲೆ ಮೂರು ಪತ್ರ ಬರೆದರು. ಮೂರಕ್ಕೂ ಒಂದೇ ಉತ್ತರ: ನಿಮ್ಮ ಶಾಲೆಯವರೇ ಸಹಿ ಹಾಕಿದ್ದಾರೆ. ಕೆಲಸ ಮುಗಿದ ಶಾಲೆಗಳ ಪಟ್ಟಿಗೆ ಸೇರಿದ ಹಲಸಿನಕೊಡಿಗೆ, ಎರಡನೇ ಸುತ್ತಿನ ಕೇಬಲ್ಲಿನ ಪಟ್ಟಿಯಿಂದ ಬಿಟ್ಟುಹೋಯಿತು.

ಇಷ್ಟಕ್ಕೇ ಮುಗಿದಿದ್ದರೆ ದುರ್ಗಮ್ಮ ನಕ್ಕು ಮರೆಯುತ್ತಿದ್ದಳೋ ಏನೋ. ಈ ಜೂನಿನಲ್ಲಿ ರವೀಶ್ ಸಾಹೇಬರದ್ದೇ ಸಹಿಯ ಹೊಸ ಆದೇಶ ಬಂತು. ಊಟ ಮಾಡುವವರ ಸಂಖ್ಯೆಯನ್ನು ದಿನವೂ ಮೊಬೈಲ್ ಆಪ್‌ನಲ್ಲಿ ಹತ್ತಿಸಬೇಕು. ಹತ್ತಿಸದೆ ಯಾರಿಗೂ ಬಡಿಸುವಂತಿಲ್ಲ. ಕಾಗದದ ಲೆಕ್ಕ ಇಂಟರ್ನೆಟ್ ಇಲ್ಲದ ಶಾಲೆಗಳಿಗೆ ಮಾತ್ರ. ಗುತ್ಯಪ್ಪನವರು ದಿನಾ ಬೈಕು ಹತ್ತಿ, ಗುಡ್ಡದ ಮೇಲಿನ ಮೋರಿಕಟ್ಟೆಯಲ್ಲಿ ಫೋನನ್ನು ಆಕಾಶಕ್ಕೆ ಎತ್ತಿ ನಿಲ್ಲುತ್ತಿದ್ದರು. ಸಿಗ್ನಲ್ಲು ಸಿಕ್ಕ ದಿನ ಮೂವತ್ತೊಂದು ಮಕ್ಕಳು, ಸಿಗದ ದಿನ ಅಷ್ಟೂ ಮಕ್ಕಳು ಉಂಡರೂ ಲೆಕ್ಕದಲ್ಲಿ ಸೊನ್ನೆ. ಎರಡು ತಿಂಗಳ ಸರಾಸರಿ ಹತ್ತೊಂಬತ್ತಕ್ಕೆ ಇಳಿಯಿತು. ಇಪ್ಪತ್ತೈದಕ್ಕಿಂತ ಕಡಿಮೆ ಮಕ್ಕಳಿದ್ದರೆ ಅಡುಗೆಯವರು ಒಬ್ಬರೇ ಸಾಕು ಎಂದು ವಿಶಾಲಮ್ಮನನ್ನು ತೆಗೆದರು.

ಸಹಿ ಕಲಿಸಿದವಳ ಕೆಲಸವನ್ನು ಆ ಸಹಿಯೇ ತಿಂದಿತ್ತು. ಅಂದು ದುರ್ಗಮ್ಮನಿಗೆ ಬಂದ ಸಿಟ್ಟಿನಲ್ಲಿ ಅನ್ನ ತಾನಾಗಿ ಬೆಂದು ಗ್ಯಾಸು ಉಳಿಯಿತು ಎನ್ನುತ್ತಾರೆ. ಅವಳು ಸಾಹೇಬರ ಆದೇಶದ ಒಂದು ಪ್ರತಿಯನ್ನು ಒಲೆಯ ಮೇಲಿನ ಗೋಡೆಗೆ ಅಂಟಿಸಿ, ಚಟ್ನಿಗೆ ರುಬ್ಬುವಾಗ ಅದನ್ನೇ ನೋಡುತ್ತಿದ್ದಳು. ಆ ಚಟ್ನಿ ಮೊದಲಿಗಿಂತ ನುಣ್ಣಗಾಯಿತು.

"ಸುಮ್ನಿರೆ ಮಾರಾಯ್ತಿ, ಹೋಗಿದ್ದು ಹೋಯ್ತು" ಎಂದಳು ವಿಶಾಲಮ್ಮ.

"ಹೋಗಿದ್ದು ಹೆಂಗೆ ಹೋಯ್ತು ಅಂತ ನಂಗೆ ಓದಕ್ಕೆ ಕಲ್ಸು. ಆ ಮನುಷ್ಯನ್ನ ಬಿಡಲ್ಲ ನಾನು."

ಸಂಜೆ ಹೊತ್ತು ವಿಶಾಲಮ್ಮನ ಜಗಲಿಯಲ್ಲಿ ಮತ್ತೆ ಅಕ್ಕಿಹಿಟ್ಟು ಹರಡಿತು. ಐವತ್ತೆರಡರ ದುರ್ಗಮ್ಮ ಒಂದನೇ ಕ್ಲಾಸಿನ ಪುಸ್ತಕ ಹಿಡಿದು, ಒಂದೊಂದು ಅಕ್ಷರವನ್ನೂ ಕುತ್ತಿಗೆ ಹಿಡಿದು ಎಳೆದು ತಂದು ಕೂರಿಸಿದಳು. ಮೊದಲು ಓದಿ ಮುಗಿಸಿದ್ದು ಗೋಡೆಯ ಮೇಲಿನ ಆದೇಶ. ಓದಿ ಮುಗಿಸಿ ತುಂಬ ಹೊತ್ತು ನಕ್ಕಳು. ಆ ನಗು ಕೇಳಿ ಅತ್ತ ವಿಶಾಲಮ್ಮನ ಮನೆಯಲ್ಲಿ ನಾಯಿ ಮಂಚದಡಿ ಸೇರಿತು.

ಸೆಪ್ಟೆಂಬರಿನಲ್ಲಿ ರವೀಶ್ ಸಾಹೇಬರು ತಪಾಸಣೆಗೆ ಬರುವ ಸುದ್ದಿ ಬಂತು. ತಪಾಸಣೆ ಎಲ್ಲಿಯದೇ ಇರಲಿ, ಊಟದ ಹೊತ್ತಿಗೆ ಅವರ ಜೀಪು ಹಲಸಿನಕೊಡಿಗೆಯಲ್ಲಿ ಇರುತ್ತಿತ್ತು.

"ಅವ್ರ ಪಾಲಿಗೆ ಕೆಸಿನ ಸೊಪ್ಪು ಮಾಡು. ಹುಳಿ ಕಮ್ಮಿ ಹಾಕು. ಗಂಟಲು ತುರಿಸ್ಕಂತಾ ಹೋಗ್ಲಿ" ಎಂದಳು ವಿಶಾಲಮ್ಮ.

"ಛೇ! ನನ್ನ ಅಡುಗೆಗೆ ಕೆಟ್ಟ ಹೆಸ್ರು ತರಕ್ಕೆ ಅವ್ರು ಯಾರೇ?" ಎಂದು ದುರ್ಗಮ್ಮ ಗದರಿದಳು. "ಅವ್ರ ಹೊಟ್ಟೆಗೆ ಎಂತ ಹಾಕ್ಬೇಕು ಅಂತ ಅವ್ರೇ ಬರ್ದು ಕೊಟ್ಟಿದಾರೆ."

ಸಾಹೇಬರು ಬಂದಾಗ ಹನ್ನೆರಡೂವರೆ. ಬೆಳಗಿನಿಂದ ಮೂರು ಶಾಲೆ ಸುತ್ತಿ, ಇಲ್ಲಿನ ಊಟ ನೆನೆದು ಏನೂ ತಿನ್ನದೆ ಬಂದಿದ್ದರು. ಅಷ್ಟರಲ್ಲಿ ಗುತ್ಯಪ್ಪನವರು ಮೋರಿಕಟ್ಟೆಗೆ ಹೋಗಿ ಬಂದು, ಅಂದು ಪುಣ್ಯಕ್ಕೆ ಸಿಗ್ನಲ್ಲು ಸಿಕ್ಕಿ, ಮೂವತ್ತೊಂದೂ ಮಕ್ಕಳನ್ನು ಹತ್ತಿಸಿದ್ದರು. ದುರ್ಗಮ್ಮ ಮಕ್ಕಳಿಗೆಲ್ಲ ಬಡಿಸಿದಳು. ಸಾಹೇಬರ ಮುಂದೆ ತಟ್ಟೆ ಇಟ್ಟಳು, ನೀರು ಇಟ್ಟಳು, ತಟ್ಟೆಯ ಮೂಲೆಗೆ ಚಿಟಿಕೆ ಉಪ್ಪು ಇಟ್ಟಳು. ಇಟ್ಟು ಕೈಕಟ್ಟಿ ನಿಂತಳು.

"ಎಂತ ದುರ್ಗಮ್ಮ, ಅನ್ನ?"

"ಮಕ್ಳದ್ದು ಹತ್ತಿದೆ ಸಾಹೇಬ್ರೆ, ನಿಮ್ದು ಹತ್ತಿಲ್ಲ. ಹತ್ತಿಸದೆ ಯಾರಿಗೂ ಬಡಿಸುವಂತಿಲ್ಲ. ನಿಮ್ಮದೇ ಆರ್ಡರು. ಒಲೆ ಮೇಲೆ ಹಚ್ಚಿದೀನಿ."

"ತಮಾಷೆ ಸಾಕು ಬಡಿಸಮ್ಮ."

"ತಮಾಷೆ ಮಾಡಿ ವಿಶಾಲಿ ಕೆಲಸ ಹೋಯ್ತು. ನನ್ದೂ ಹೋದ್ರೆ? ನಿಮ್ಮ ಡಬ್ಬಿ ಅಲ್ಲೇ ಉರೀತಿದೆ, ಹತ್ಸಿ."

ಸಾಹೇಬರು ಫೋನು ತೆಗೆದರು. ಚಕ್ರ ತಿರುಗಿತು. ಡಬ್ಬಿಯ ಕೆಳಗೆ ನಿಂತರು, ಚಕ್ರ ತಿರುಗಿತು. ಬೆಂಚು ಹತ್ತಿದರು, ಅಂಗಳಕ್ಕೆ ಇಳಿದರು, ಕೊನೆಗೆ ನೀರಿನ ಟ್ಯಾಂಕಿನ ಕಟ್ಟೆ ಹತ್ತಿ ಕೈ ಎತ್ತಿ ನಿಂತರು. ಅಷ್ಟು ಹೊತ್ತಿಗೆ ಆ ಚಕ್ರ ತಿರುಗಿದ ದೂರದಲ್ಲಿ ಬಸ್ಸು ಸಾಗರಕ್ಕೆ ಹೋಗಿ ತಿರುಗಿ ಬಂದುಬಿಡುತ್ತಿತ್ತು. ಒಳಗೆ ದುರ್ಗಮ್ಮ ಸಾರಿನ ಮುಚ್ಚಳ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಗಾಳಿ ಟ್ಯಾಂಕಿನ ಕಡೆಗೇ ಬೀಸುತ್ತಿತ್ತು.

"ಮೇಲೆ ಮೋರಿಕಟ್ಟೆಗೆ ಹೋದ್ರೆ ಒಂದೊಂದ್ಸಲ ಸಿಗುತ್ತೆ ಸಾರ್" ಎಂದರು ಗುತ್ಯಪ್ಪನವರು, ಬಹಳ ವಿನಯದಿಂದ. "ನಾನು ದಿನಾ ಹೋಗ್ತೀನಿ."

ಮುಕ್ಕಾಲು ಗಂಟೆಯ ಮೇಲೆ ಸಾಹೇಬರು ಕೆಳಗಿಳಿದರು. "ಇಲ್ಲಿ ಇಂಟರ್ನೆಟ್ ಇಲ್ಲ ಕಣಮ್ಮ. ಈಗಾದ್ರೂ ಬಡಿಸು."

"ಬಾಯ್ಮಾತು ಯಾರಿಗೆ ಬೇಕು ಸಾಹೇಬ್ರೆ?" ಎನ್ನುತ್ತ ದುರ್ಗಮ್ಮ ರುಚಿ ಪುಸ್ತಕ ತಂದಳು. ಊಟದ ರುಚಿ ನೋಡಿದವರು ಷರಾ ಬರೆದು ಸಹಿ ಹಾಕುವ ಪುಸ್ತಕ ಅದು. "ಅವತ್ತು ಪಾತ್ರೆ ತೊಳೆಯೋಳ ಕೈಯಲ್ಲಿ ಹಾಕಿಸ್ಕಂಡ್ರಲ್ಲ, ಇವತ್ತು ನೀವು ಹಾಕಿ. ಕಾಗದದ ಲೆಕ್ಕನೇ ನಡೀಬೇಕು ಅಂತ್ಲೂ ಬರೀರಿ."

ಹಸಿದ ಸಾಹೇಬರು ಸರಸರ ಬರೆದು ಪುಸ್ತಕ ದೂಡಿದರು. ಈ ಹೆಂಗಸಿಗೆ ಓದು ಬಾರದೆಂಬ ಧೈರ್ಯ ಅವರಿಗಿತ್ತು. ದುರ್ಗಮ್ಮ ಸಾಲಿನ ಮೇಲೆ ಬೆರಳಿಟ್ಟಳು.

"ತಾ... ತ್ಕಾ... ಲಿ... ಕ. ತಾತ್ಕಾಲಿಕ ಅಡಚಣೆ. ಇದೆಂತ ಸಾಹೇಬ್ರೆ?"

ಸಾಹೇಬರ ಮುಖ ಬೆಂದ ಬದನೆಕಾಯಿಯಾಯಿತು. "ಸ್ವಲ್ಪ ದಿನದ್ದು ಅಂತ..."

"ಮೂರು ವರ್ಷ ಸ್ವಲ್ಪ ದಿನವಾ? ಹೊಡೆದಾಕಿ. 'ಯಾವತ್ತೂ ಬಂದಿಲ್ಲ' ಅಂತ ಬರೀರಿ. ಸಾರು ಆರ್ತಾ ಇದೆ."

ಯಾವತ್ತೂ ಬಂದಿಲ್ಲ ಎಂದು ಬರೆದರು. ಕಾಗದದ ಲೆಕ್ಕ ಒಪ್ಪುವುದು ಎಂದು ಬರೆದರು. ಸಹಿ, ತಾರೀಕು, ಜೀಪಿನಿಂದ ತರಿಸಿ ಮೊಹರು. ಗುತ್ಯಪ್ಪನವರು ಪುಟದ ಫೋಟೋ ತೆಗೆದು, ಮೇಲಿನವರಿಗೆಲ್ಲ ಕಳಿಸಲು ಮೋರಿಕಟ್ಟೆಗೆ ಬೈಕು ಬಿಟ್ಟರು. ಆಮೇಲೆ ದುರ್ಗಮ್ಮ ಬಡಿಸಿದಳು. ಎರಡನೇ ಸಲ ಸಾಹೇಬರು ತಟ್ಟೆ ಒಡ್ಡಿದಾಗ ಪಾತ್ರೆಗೆ ಮುಚ್ಚಳ ಹಾಕಿದಳು.

"ಉಳಿದಿದ್ದು ವಿಶಾಲಿಗೆ."

ಕಾಗದದ ಲೆಕ್ಕದಲ್ಲಿ ಮಕ್ಕಳು ದಿನವೂ ಮೂವತ್ತೊಂದಾದರು, ದೀಪಾವಳಿ ರಜೆ ಮುಗಿಯುವ ಹೊತ್ತಿಗೆ ವಿಶಾಲಮ್ಮ ಕತ್ತಿಮಣೆಗೆ ಮರಳಿದಳು. ಹಸಿರು ದೀಪ ಈಗಲೂ ಉರಿಯುತ್ತಿದೆ. ರವೀಶ್ ಸಾಹೇಬರ ಜೀಪು ಊಟದ ಹೊತ್ತಿಗೆ ಬೇರೆ ದಾರಿ ಹಿಡಿಯುತ್ತದೆ. ಆದರೂ ಅವರ ತಟ್ಟೆಯೊಂದನ್ನು ದುರ್ಗಮ್ಮ ಕಪಾಟಿನ ಮೇಲೆ ಬೇರೆಯಾಗಿ ಕವುಚಿ ಇಟ್ಟಿದ್ದಾಳೆ.

"ಕೆಲಸ ವಾಪಸ್ ಬಂತಲ್ಲ, ಇನ್ನಾದ್ರೂ ಆ ಪುಣ್ಯಾತ್ಮನ್ನ ಕ್ಷಮಿಸೇ" ಎನ್ನುತ್ತಾಳೆ ವಿಶಾಲಮ್ಮ, ಬೀನ್ಸು ಹೆಚ್ಚುತ್ತ.

"ಕೇಬಲ್ಲು ಬರ್ಲಿ, ಆಮೇಲೆ ನೋಡ್ವ" ಎನ್ನುತ್ತಾಳೆ ದುರ್ಗಮ್ಮ, ರುಬ್ಬುತ್ತ.