ಗೋಡೆ ಮುಟ್ಟದ ತೊಲೆ

ಮಸ್ಕಿಯ ಬಡಗಿಯೊಬ್ಬರು ಕಿವಿಯ ಮೇಲಿನ ಪೆನ್ಸಿಲನ್ನು ನಾಲಿಗೆಗೆ ತಾಗಿಸಿಯೇ ಗೆರೆ ಎಳೆಯುತ್ತಿದ್ದರು. ಎಂಬತ್ತರ ದಶಕದಲ್ಲಿ ನಮ್ಮ ಹೊಲದ ಬೇವಿನ ಮರ ಕಡಿಸಿ ಮನೆಯ ತೊಲೆಗೆಂದು ಅವರಿಗೆ ಕೊಟ್ಟಾಗ, ಚೀಟಿಯಲ್ಲಿ ‘2.5 ಮೀಟರ್’ ಎಂದು ಬರೆದಿದ್ದೆ. ಅವರು 205 ಸೆಂಟಿಮೀಟರಿಗೆ ಕೊಯ್ದರು. ತೊಲೆ ಗೋಡೆ ಮುಟ್ಟಲಿಲ್ಲ.

“ನೂರರಿಂದ ಗುಣಸಬೇಕಿತ್ತು. ನಾ ಚುಕ್ಕಿ ತಗದು ಸೊನ್ನಿ ಇಟ್ಟೀನ್ರೀ,” ಎಂದು ಟೇಪು ಸುತ್ತಿಕೊಂಡರು. ಮುಂದಿನ ವಾರ ತಮ್ಮದೇ ತೇಗದ ತೊಲೆ ಕೂರಿಸಿಕೊಟ್ಟು, ನಮ್ಮ ಬೇವಿನದನ್ನು ಅಂಗಡಿ ಮುಂದೆ ಕೂರಲು ಹಾಕಿಕೊಂಡರು. ಅಳತೆ ತಂದವರಿಗೆಲ್ಲ ಅದನ್ನು ತೋರಿಸಿ, “ಕುಂದರ್ರಿ, ಮೊದಲ ಸೆಂಟಿಮೀಟರ್ ಮಾಡೂಣು,” ಎನ್ನುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ ಅವರ ಅಂಗಡಿಗೆ ಹೋದೆ. ಅದೇ ಬೇವಿನ ತೊಲೆಯ ಮೇಲೆ ಕೂತಿದ್ದರು; ಕಣ್ಣು ಮಂಜಾಗಿತ್ತು. ನನ್ನ ದನಿ ಗುರುತಿಸಿ, ಪಕ್ಕಕ್ಕೆ ಸರಿದು, ತೊಲೆ ತಟ್ಟಿದರು.

“ಕುಂದರ್ರಿ, ನಿಮ್ದ ಮರ. ಇನ್ನೂ ನಲವತ್ತೈದು ಸೆಂಟಿಮೀಟರ್ ಕಡಿಮಿನ ಐತಿ ನೋಡ್ರಿ.”